ಹೊಲಿಗೆಗೆ ಕಾದ ಏಳನೆಯ ಫಾರಂ

ಪಟ್ಟಿನಮ್ಮ ಯಾರನ್ನು ಬೈಯಲಿಲ್ಲವೋ ಅವರು ಆಕೆಯ ಕಣ್ಣಿಗೆ ಬಿದ್ದಿಲ್ಲವೆಂದೇ ಅರ್ಥ. ಮುದ್ರಣಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ, ಇದ್ದೊಂದು ಕಿಟಕಿಯ ಬೆಳಕನ್ನು ಎಡಭುಜದ ಮೇಲಿಂದ ಬರಮಾಡಿಕೊಂಡು, ಪುಸ್ತಕಗಳನ್ನು ಮಡಿಸಿ ಹೊಲಿಯುವ ಕೆಲಸದಲ್ಲಿ ಆಕೆ ತನ್ನ ಆಯುಷ್ಯದ ಅರ್ಧವನ್ನು ಸವೆಸಿದ್ದಳು. ಕುಸ್ತಿಯ ಪಟ್ಟುಗಳ ಭಾಷೆಯ ಹೊರತು ಬೇರೊಂದು ಭಾಷೆ ಆಕೆಗೆ ಬಾರದೆಂದು ಬೀದಿಯವರು ಕೊಟ್ಟ ಹೆಸರು ಅದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಭಗವಂತನು ಮೂವತ್ತೆರಡು ಹಲ್ಲುಗಳ ಕಾವಲಿನಲ್ಲಿ ಎಲುಬಿಲ್ಲದ ನಾಲಗೆಯನ್ನು ಇಟ್ಟದ್ದು ಸಂಯಮದ ಪಾಠಕ್ಕಾಗಿ ಎಂದು ಹಿರಿಯರು ಹೇಳುತ್ತಾರೆ. ಆ ಪಾಠದ ದಿನ ತನ್ನ ಅತ್ತೆ ಗೈರುಹಾಜರಾಗಿದ್ದಳೆಂಬುದು ಸೊಸೆಯ ಅಭಿಪ್ರಾಯ.

ಆಕೆ ಓದುತ್ತಿದ್ದುದು ಮಡಿಸುವಾಗ. ಒಂದೇ ದೊಡ್ಡ ಹಾಳೆಯಲ್ಲಿ ಹದಿನಾರು ಪುಟಗಳನ್ನು ಅಚ್ಚುಹಾಕಿ ಮಡಿಸಿದರೆ ಅದೊಂದು ಫಾರಂ. ಅಂಥ ಹತ್ತು ಹದಿನೈದು ಫಾರಂಗಳನ್ನು ಬೆನ್ನಿನಲ್ಲಿ ಹೊಲಿದರೆ ಪುಸ್ತಕ. ಒಂದೇ ಫಾರಂ ಸಾವಿರ ಸಲ ಕೈಮೇಲೆ ಹಾದುಹೋಗುವಷ್ಟರಲ್ಲಿ ಅದರ ಪ್ರತಿಯೊಂದು ಸಾಲೂ ಆಕೆಯ ವಿಚಾರಣೆಗೆ ಒಳಗಾಗಿರುತ್ತಿತ್ತು.

“ಮುನ್ನುಡಿ ಅಂತೆ ಮುನ್ನುಡಿ! ಇಪ್ಪತ್ತು ಪುಟ ಬರೀ ತೊಡೆ ತಟ್ಟಿದ್ದಾನೆ. ಅಷ್ಟೊತ್ತಿಗೆ ಎದುರಾಳಿ ಮನೆಗೆ ಹೋಗಿ ಉಂಡು ಮಲಗಿರ್ತಾನೆ.” ಕವಿತೆಗಳ ವಿಷಯದಲ್ಲಿ ಆಕೆ ಇನ್ನೂ ನಿಷ್ಠುರಳು. “ಇವನು ಮೈಗೆಲ್ಲ ಎಣ್ಣೆ ಹಚ್ಕೊಂಡು ಬಂದಿದ್ದಾನೆ. ಎಲ್ಲಿ ಹಿಡಿದರೂ ಜಾರ್ತಾನೆ. ಇಂಥವರನ್ನ ಮೊದಲು ಅಖಾಡದಿಂದ ಆಚೆ ಹಾಕ್ಬೇಕು.” ರಾಜಕಾರಣಿಗಳನ್ನು ಕುರಿತ ತೀರ್ಪಿಗೆ ಮೇಲ್ಮನವಿಯೇ ಇರಲಿಲ್ಲ. “ಕುಸ್ತೀಲಿ ಎರಡೂ ಭುಜ ನೆಲಕ್ಕೆ ಹತ್ತಿದರೆ ಮುಗೀತು. ಇವರು ಬೀಳ್ತಾರೆ, ಬಿದ್ದ ಜಾಗದಲ್ಲೇ ಕುರ್ಚಿ ತರಿಸ್ಕೊಂಡು ಕೂತ್ಕೋತಾರೆ.” ಕುಸ್ತಿಪಟುಗಳಾದರೂ ಬಚಾವಾದರೇ ಎಂದರೆ, ಅದೂ ಇಲ್ಲ. ಈಗಿನವರು ಅಂಗಡಿಯವರಂತೆ ಅಂಕ ಎಣಿಸುತ್ತಾರೆ, ಗೆಲ್ಲಲು ಬಂದವರಲ್ಲ, ಸೋಲದೆ ಇರಲು ಬಂದವರು ಎಂದು, ಪಂದ್ಯ ನೋಡಲು ಹೋದಾಗಲೆಲ್ಲ ಮೆಟ್ಟಿಲುಗಳ ಮೇಲೆ ನಿಂತು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಕೂಗುತ್ತಿದ್ದಳು.

ಈ ಸರ್ವದ್ವೇಷಕ್ಕೆ ಒಂದೇ ಒಂದು ಅಪವಾದವಿತ್ತು. ಊರವರು ‘ಕಂಬ’ ಎಂದು ಕರೆಯುತ್ತಿದ್ದ ಜಟ್ಟಿ. ಅವನ ಗೆಲುವುಗಳನ್ನು ಆಕೆ ಎಂದೂ ಹೊಗಳಿದವಳಲ್ಲ. ಆಕೆ ಆರಾಧಿಸುತ್ತಿದ್ದುದು ಅವನ ಒಂದು ಸೋಲನ್ನು. ಗಂಡನು ಹೇಳದೆ ಕೇಳದೆ ಮನೆ ಬಿಟ್ಟು ಹೋದ ವರ್ಷ, ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು, ಯಾರೋ ಕೊಟ್ಟ ಪ್ರವೇಶದ ಚೀಟಿಯಿಂದ ಆಕೆ ಮೊದಲ ಬಾರಿಗೆ ಕುಸ್ತಿ ನೋಡಲು ಹೋಗಿದ್ದಳು. ಅಂದು ಬಂದರಿನಲ್ಲಿ ಮೂಟೆ ಹೊರುವ ಒಬ್ಬ ಪೈಲ್ವಾನನು ಕಂಬನನ್ನು ಎತ್ತಿ ಅಂಗಾತ ಕೆಡವಿದನು. ಆಗ ಕಂಬನು ತಾನಾಗಿಯೇ ಎದ್ದು, ಮೈಮೇಲಿನ ಮಣ್ಣನ್ನೂ ಒರಸಿಕೊಳ್ಳದೆ, ಗೆದ್ದವನ ಕೈಯನ್ನು ಹಿಡಿದು ಎತ್ತಿ ನಾಲ್ಕೂ ದಿಕ್ಕಿಗೆ ತೋರಿಸಿದನು. ಅಷ್ಟು ಜನರ ಎದುರಿಗೆ ಬಿದ್ದವನು ಹೀಗೆ ಎದ್ದು ನಿಲ್ಲಬಹುದಾದರೆ, ಒಂದು ಬೀದಿಯ ಎದುರಿಗೆ ತಾನು ನಿಲ್ಲಲಾರೆನೇ ಎಂದುಕೊಂಡು ಆಕೆ ಮರುದಿನವೇ ಮುದ್ರಣಾಲಯದಲ್ಲಿ ಕೆಲಸ ಕೇಳಿದಳು. ಮಗನು ಬಿದ್ದಾಗ, ಜ್ವರದಿಂದ ಎದ್ದಾಗ, ಪರೀಕ್ಷೆಯಲ್ಲಿ ನಪಾಸಾದಾಗ, ಆಕೆ ಕುಡಿಸಿದ ಔಷಧ ಈ ಒಂದೇ ಕಥೆ.

ಕಾಲಾಂತರದಲ್ಲಿ ಕಂಬನು ಅಖಾಡವನ್ನು ಬಿಟ್ಟು ನಗರಸಭೆಯ ಚುನಾವಣೆಗೆ ನಿಂತನು. ಚುನಾವಣೆಗೆ ನಿಂತವನಿಗೆ ಆತ್ಮಕಥೆ ಬೇಕಾಯಿತು, ಯಾರೋ ಬರೆದುಕೊಟ್ಟರು, ಅದು ಅಚ್ಚಾಗಿ ಪಟ್ಟಿನಮ್ಮನ ಮೇಜಿನ ಮೇಲೆ ಬಂದು ಬಿದ್ದಿತು. ಆರು ಫಾರಂಗಳನ್ನು ಆಕೆ ಗೊಣಗುತ್ತಲೇ ಮಡಿಸಿದಳು. ಏಳನೆಯದರಲ್ಲಿ ಬಂದರಿನ ಪೈಲ್ವಾನನ ಪ್ರಸಂಗವಿತ್ತು. ಇಬ್ಬರೂ ಸಮಬಲರಾಗಿ ಸೆಣಸಿ, ವೇಳೆ ಮೀರಿದ್ದರಿಂದ ಪಂದ್ಯ ಸಮಸಮವೆಂದು ಘೋಷಿತವಾಯಿತೆಂದು ಅಲ್ಲಿ ಬರೆದಿತ್ತು.

ಆಕೆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಯಜಮಾನನ ಕೋಣೆಗೆ ನುಗ್ಗಿದಳು.

“ಯಜಮಾನ್ರೇ, ಇದು ಸುಳ್ಳು. ನಾನು ಹೊಲಿಯಲ್ಲ.”

“ಅಮ್ಮಾ, ನೀವು ಹೊಲಿಯೋರು. ಬರೆಯೋರು ಬೇರೆ, ಓದೋರು ಬೇರೆ.”

“ನಾನು ಕಣ್ಣಾರೆ ನೋಡಿದ್ದೀನ್ರೀ. ಬೆನ್ನು ಪೂರ್ತಿ ನೆಲಕ್ಕೆ ಹತ್ತಿತ್ತು.”

“ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆ ಯಾಕಿದೆ ಹೇಳಿ? ಅವರವರ ಮೀಸೆ, ಅವರವರ ಮಣ್ಣು. ನಾಳಿದ್ದು ಬಿಡುಗಡೆ, ಹೋಗಿ ಹೊಲೀರಿ.”

ಆಕೆ ಉಳಿದೆಲ್ಲ ಫಾರಂಗಳನ್ನು ಮಡಿಸಿ ಒಟ್ಟಿದಳು. ಏಳನೆಯದನ್ನು ಮಾತ್ರ ಗೋಡೆಯ ಕಡೆಗೆ ತಳ್ಳಿ, ಅದರ ಮೇಲೆ ಮಡಿಕೆ ಕೂರಿಸುವ ಭಾರದ ಒತ್ತುಕಲ್ಲನ್ನು ಹೇರಿ, ಮನೆಗೆ ಹೋದಳು.

ಮನೆಗೆ ಆ ಸುದ್ದಿ ಆಕೆಗಿಂತ ಮೊದಲೇ ತಲುಪಿತ್ತು. ಮಗನು ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಮದುವೆಗೆ ಮುಂಚಿನಿಂದಲೂ ಹಂಗಾಮಿ ಕೆಲಸಗಾರ. ತನ್ನ ಜೊತೆಗೆ ಸೇರಿದವರೆಲ್ಲ ಕಾಯಂ ಆಗಿದ್ದರೂ ಅವನ ಸರದಿ ಬಂದಿರಲಿಲ್ಲ. ಕಂಬನ ಕಡೆಯವರು ಅವನಿಗೆ ಮಾತು ಕೊಟ್ಟಿದ್ದರು: ನಿಮ್ಮ ತಾಯಿಯ ಬಾಯಿಗೆ ಇಡೀ ಬೀದಿ ಹೆದರುತ್ತದೆ, ಆಕೆ ವೇದಿಕೆಗೆ ಬಂದು ಮೊದಲ ಪ್ರತಿಯನ್ನು ಸ್ವೀಕರಿಸಲಿ, ಕಾಯಂ ಮಾಡಿದ ಆದೇಶ ಅದೇ ದಿನ ನಿಮ್ಮ ಕೈಯಲ್ಲಿ. ಆ ಪತ್ರಕ್ಕೆ ಸಹಿ ಹಾಕಬೇಕಾದ ಅಧಿಕಾರಿ ಕಂಬನ ಬೀಗ.

“ಅಮ್ಮ, ಒಂದು ಪುಟ. ಯಾವನು ಓದ್ತಾನೆ ಅದನ್ನ?”

“ಹದಿನಾರು ಪುಟ. ನಾನು ಓದಿದ್ದೀನಿ.”

ಸೊಸೆ ಒಲೆಯ ಕಡೆಯಿಂದ ತಿರುಗಿದಳು. “ಅತ್ತೆ, ನಿಮ್ಮ ಪೈಲ್ವಾನ ಬಿದ್ದಿದ್ದು ಒಂದು ಸಲ. ನಾವು ದಿನಾ ಬೀಳ್ತಾ ಇದ್ದೀವಿ. ನಮಗೆ ಯಾರೂ ಚಪ್ಪಾಳೆ ಹೊಡೆಯಲ್ಲ.”

“ನಿನ್ನ ನಾಲಿಗೆಗೆ ಯಾವ ಗುರು ಕಲಿಸಿದನೇ ಈ ಪಟ್ಟು?”

“ಗುರು ಯಾಕೆ? ಒಂದೇ ಮನೇಲಿ ಇದ್ದೀವಲ್ಲ, ನೋಡಿ ಕಲಿತೆ.”

ಮಗನು ನಗಲು ಹೋಗಿ, ತಾಯಿಯ ಮುಖವನ್ನು ಕಂಡು, ನಗುವನ್ನು ಕೆಮ್ಮಾಗಿ ಮಾಡಿಕೊಂಡನು. ಆ ದಿನ ಮೂವರೂ ಮೂರು ಮೂಲೆಗಳಲ್ಲಿ ಉಂಡರು.

ಮರುದಿನ ಮಧ್ಯಾಹ್ನ ಕಂಬನೇ ಹೊಲಿಗೆಯ ಕೋಣೆಗೆ ಬಂದನು. ಹೊಟ್ಟೆ ಮುಂದಕ್ಕೆ ಬಂದಿತ್ತು, ಕುತ್ತಿಗೆ ಮಾತ್ರ ಹಿಂದಿನಂತೆಯೇ ಭುಜದಲ್ಲಿ ಹೂತಿತ್ತು. ಹಿಂದೆ ಇಬ್ಬರು ಅನುಚರರು.

“ನಮಸ್ಕಾರ ತಾಯಿ.”

“ತಾಯಿ ಅನ್ನಬೇಡ. ನಿನಗಿಂತ ಎರಡು ವರ್ಷ ಚಿಕ್ಕವಳು ನಾನು. ಓಟು ಕೇಳೋಕೆ ಬಂದ ಕೂಡಲೇ ಊರಿನವರೆಲ್ಲ ನಿಮ್ಮನ್ನ ಹೆತ್ತುಬಿಡ್ತಾರಾ?”

ಅನುಚರರು ಮುಂದೆ ಬಂದರು. ಅವನು ಕೈಸನ್ನೆಯಿಂದ ಅವರನ್ನು ಹೊರಗೆ ಕಳುಹಿಸಿ, ಬಾಗಿಲು ಹಾಕಿ, ಕಾಗದದ ರಾಶಿಯ ಮೇಲೆಯೇ ಕುಳಿತನು.

“ಏನು ನಿಮ್ಮ ತಕರಾರು?”

“ನೀನು ಬಿದ್ದೆ. ಬಿದ್ದೆ ಅಂತ ಬರಿ. ಅಷ್ಟೇ.”

“ಬಿದ್ದವನಿಗೆ ಯಾರೂ ಓಟು ಹಾಕಲ್ಲ.”

“ನಾನು ಮೂವತ್ತು ವರ್ಷದಿಂದ ಬಿದ್ದವನಿಗೇ ಕೈ ಮುಗಿದಿದ್ದು. ಗೆದ್ದವರು ಬೇಕಾದಷ್ಟು ಜನ ಸಿಗ್ತಿದ್ರು ನನಗೆ. ಆವತ್ತು ಎದ್ದು ನಿಂತೆಯಲ್ಲ, ಅದು ಗಂಡಸುತನ. ಇದು,” ಎಂದು ಆಕೆ ಒತ್ತುಕಲ್ಲಿನ ಕಡೆಗೆ ಕೈ ತೋರಿದಳು, “ಇದು ಹೇಡಿತನ. ಹೇಡಿ ಕಣೋ ನೀನು.”

ಆ ಮಾತಿಗೆ ಅವನ ಕುತ್ತಿಗೆಯ ನರ ಉಬ್ಬಿತು. ಬೇರೆ ಯಾವ ಬೈಗುಳವನ್ನಾದರೂ ಅವನು ನಕ್ಕು ನುಂಗುತ್ತಿದ್ದನೇನೋ.

“ನಾನು ಬೀಳಲಿಲ್ಲ,” ಎಂದನು ತಗ್ಗಿದ ದನಿಯಲ್ಲಿ. “ಮಲಗಿದೆ.”

“ಏನಂದೆ?”

“ಮಲಗಿದೆ ಅಂದೆ. ಅವನ ಹಿಂದೆ ಬಂದರಿನ ಗುತ್ತಿಗೆದಾರ ಇದ್ದ. ನನಗೆ ಮನೆ ಕಟ್ಟಿಸಿಕೊಟ್ಟ. ಈಗಲೂ ಅದೇ ಮನೇಲಿ ಇದ್ದೀನಿ. ಬೇಕಿದ್ರೆ ಬಂದು ನೋಡಿ, ಗಟ್ಟಿ ಮನೆ.”

“ಕೈ ಎತ್ತಿದ್ದು?”

“ಅದೂ ಮಾತಿನಲ್ಲಿ ಸೇರಿತ್ತು. ಹಾಗೆ ಮಾಡಿದ್ರೆ ಜನ ನಂಬ್ತಾರೆ ಅಂದ. ನೋಡಿ, ನಂಬಿದ್ದೀರಿ.”

ದೈವವೆಂದು ನಂಬಿದ್ದು ಕಲ್ಲೆಂದು ತಿಳಿದಾಗ ಭಕ್ತನು ದೈವವನ್ನು ಶಪಿಸುತ್ತಾನೆ, ಇಲ್ಲವೆ ತನ್ನನ್ನು. ಪಟ್ಟಿನಮ್ಮ ಎರಡನ್ನೂ ಮಾಡಲಿಲ್ಲ. ಆಕೆಯ ಬಾಯಿ ತೆರೆಯಿತು. ಅದರೊಳಗಿಂದ, ಬಹುಶಃ ಆ ಕೋಣೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ, ಏನೂ ಹೊರಬರಲಿಲ್ಲ.

ಕಂಬನು ಎದ್ದನು. “ಸಮಸಮ ಅಂತ ಬರೆಸಿದ್ದು ಸುಳ್ಳು, ಒಪ್ಪಿದೆ. ಬಿದ್ದೆ ಅಂತ ಬರಿ ಅಂತೀರಲ್ಲ, ಅದೂ ಸುಳ್ಳೇ. ಸಂಜೆಯೊಳಗೆ ಹೊಲೀರಿ. ಇಲ್ಲದಿದ್ರೆ ನಿಮ್ಮ ಮಗನಿಗೆ ಪಂಪ್‌ಹೌಸಿನ ಗೇಟು ಹೊರಗಿಂದ ಹೇಗೆ ಕಾಣುತ್ತೆ ಅಂತ ತೋರಿಸ್ತೀನಿ.”

ಅವನು ಹೋದ ಮೇಲೆ ಆಕೆ ಒತ್ತುಕಲ್ಲಿನ ಬಳಿಗೆ ಹೋದಳು. ಸತ್ಯಕ್ಕಾಗಿ ಮಗನ ಅನ್ನವನ್ನು ಪಣಕ್ಕೊಡ್ಡುವುದು ಒಂದು ಮಾತು. ಆ ಸತ್ಯವೇ ಇಲ್ಲವಾದ ಮೇಲೆ ಯಾವುದಕ್ಕಾಗಿ ಒಡ್ಡುವುದು? ಆಕೆ ಕಲ್ಲನ್ನು ಇಳಿಸಿದಳು. ದಾರಕ್ಕೆ ಮೇಣ ಸವರಿದಳು. ಆರನೆಯದರ ಕೆಳಗೆ ಏಳನೆಯದನ್ನು ಇಟ್ಟು, ಬೆನ್ನಿನ ರಂಧ್ರಗಳಲ್ಲಿ ಸೂಜಿಯನ್ನು ಹೊಗಿಸಿ ಹೊರಡಿಸಿ, ಬೀಸಾಡಿದರೂ ಹಾಳೆ ಕಳಚದಂತೆ ಸಭೆಗೆ ಬೇಕಾದ ಒಂದೊಂದು ಪ್ರತಿಯನ್ನೂ ಬಿಗಿದಳು. ಯಜಮಾನನು ಬಂದು ಇಣುಕಿ ಹಿಂದಿರುಗಿದನು. ಆಕೆ ಬೈಯದೆ ಕೆಲಸ ಮಾಡುವುದನ್ನು ನೋಡಿ ಅವನಿಗೆ ಭಯವಾಗಿತ್ತು.

ಮನೆಗೆ ಬಂದು, ಚಪ್ಪಲಿ ಬಿಡುವ ಮುನ್ನವೇ, ಆಕೆ ಮಗನಿಗೆ ಎಲ್ಲವನ್ನೂ ಹೇಳಿದಳು. ಬಹುಶಃ ಅವನು ಸಿಡಿದೇಳುವನೆಂದು, ಅಂಥವನ ಕೈಯಿಂದ ಕೆಲಸ ಬೇಡವೆನ್ನುವನೆಂದು ಆಕೆಯ ಒಳಮನಸ್ಸು ಕಾದಿತ್ತು. ಮಗನು ನೆಲವನ್ನು ನೋಡಿದನು.

“ಗೊತ್ತಿತ್ತಮ್ಮ.”

“ಏನು ಗೊತ್ತಿತ್ತು?”

“ಅವನು ಮಲಗಿದ್ದು. ಕ್ಷೌರದ ಅಂಗಡೀಲಿ ಎಲ್ಲರೂ ಮಾತಾಡ್ತಾರೆ. ನೀನು ಅಲ್ಲಿಗೆ ಬರಲ್ಲವಲ್ಲ.”

“ಎಷ್ಟು ದಿನದಿಂದ?”

“ನಾನು ಪರೀಕ್ಷೇಲಿ ಫೇಲಾದಾಗ ಆ ಕಥೆ ಹೇಳಿದೆಯಲ್ಲ. ಆಗಲೇ ಗೊತ್ತಿತ್ತು. ಆದರೂ ಮತ್ತೆ ಓದಿ ಪರೀಕ್ಷೆಗೆ ಕೂತೆ ತಾನೆ?”

ಸೊಸೆ ಗಂಡನ ಭುಜವನ್ನು ಹಿಡಿದು ಸುಮ್ಮನಿರೆಂದು ಸನ್ನೆ ಮಾಡಿದಳು. ಅವನು ಕೇಳಲಿಲ್ಲ. “ಇಡೀ ಬೀದಿಗೇ ಗೊತ್ತು. ನಿನ್ನ ಎದುರಿಗೆ ಹೇಳೋಕೆ ಯಾರಿಗಮ್ಮ ಧೈರ್ಯ? ನಿನಗೆ ನೋವಾಗುತ್ತೆ ಅಂತಾನೂ ಸುಮ್ಮನಿದ್ವಿ.”

ಮಗನು ಇದನ್ನು ಪ್ರೀತಿಯಿಂದಲೇ ಹೇಳಿದನು. ಆದರೆ ಕರುಣೆಯನ್ನು ಬಯಸದವರಿಗೆ ಕರುಣೆಯಷ್ಟು ದೊಡ್ಡ ಅವಮಾನ ಮತ್ತೊಂದಿಲ್ಲ. ತಾನು ಮೆಟ್ಟಿಲುಗಳ ಮೇಲೆ ನಿಂತು ಕೂಗಿದಾಗ ಸುತ್ತಲಿನವರು ತಲೆದೂಗಿದ್ದು, ಬೀದಿಯ ಗಂಡಸರು “ಹೌದಮ್ಮ, ನೀವು ಹೇಳಿದ್ದೇ ಸರಿ” ಎಂದು ದಾರಿ ಬಿಟ್ಟದ್ದು, ಎಲ್ಲವೂ ಈಗ ಆಕೆಗೆ ಬೇರೆಯಾಗಿ ಕಂಡಿತು. ಮಗುವಿನ ಜೊತೆಗೆ ಕುಸ್ತಿಯಾಡುವ ದೊಡ್ಡವರು ಬೇಕೆಂದೇ ಕೆಳಗೆ ಬೀಳುವಂತೆ ಅವರೆಲ್ಲ ಆಕೆಯ ಮುಂದೆ ಬಿದ್ದಿದ್ದರು.

“ನಾಳೆ ಸಭೆಗೆ ಬರ್ತೀನಿ ಅಂತ ಹೇಳು ಅವನಿಗೆ,” ಎಂದಳು ಆಕೆ.

ಮಗನ ಮುಖ ಅರಳಿತು. “ನಿಜವಾಗಲೂ?”

“ಹೂಂ. ಈ ಊರಲ್ಲಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಜ ಹೇಳಿದವನು ಅವನೊಬ್ಬನೇ. ಕಳ್ಳನಾದರೂ ಗೌರವ ಕೊಟ್ಟ. ನೀವು ಹೆತ್ತ ಹೊಟ್ಟೆಗೆ ಸುಳ್ಳಿನ ಸಕ್ಕರೆ ತಿನ್ನಿಸಿದಿರಿ.”

“ಅತ್ತೆ, ಅವರು ಹಾಗಲ್ಲ...”

“ನೀನು ಸುಮ್ಮನಿರು. ನಿನಗಾದರೂ ನನ್ನ ಕಂಡರೆ ಆಗಲ್ಲ ಅಂತ ನನಗೆ ಮೊದಲಿಂದ ಗೊತ್ತು. ನಿನ್ನ ಮೇಲೆ ದೂರಿಲ್ಲ.”

ಮರುದಿನ ಸಭಾಂಗಣ ತುಂಬಿತ್ತು. ಆದೇಶದ ಲಕೋಟೆ ಮಗನ ಜೇಬಿನಲ್ಲಿತ್ತು. ಕಂಬನು ವೇದಿಕೆಯ ಮೇಲೆ ಮೊದಲ ಪ್ರತಿಯನ್ನು ಎರಡೂ ಕೈಗಳಿಂದ ಪಟ್ಟಿನಮ್ಮನಿಗೆ ನೀಡಿ ಛಾಯಾಗ್ರಾಹಕನ ಕಡೆಗೆ ನಕ್ಕನು. ಆಕೆ ನಗಲಿಲ್ಲ. ಪುಸ್ತಕವನ್ನು ತೆರೆಯದೆ, ಅದರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ, ರಟ್ಟನ್ನು ಎಳೆದು ನೋಡಿದಳು.

“ಹೊಲಿಗೆ ಗಟ್ಟಿಯಾಗಿದೆ. ಒಳಗಿರೋದು ನಿನ್ನ ಹಣೆಬರಹ.”

ಮೈಕು ಈ ಮಾತನ್ನು ಎತ್ತಿಕೊಂಡಿತು. ಹಿಂದಿನ ಸಾಲುಗಳಲ್ಲಿದ್ದವರು ಅದನ್ನು ಹಾರೈಕೆಯೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಕ್ಷೌರದ ಅಂಗಡಿಯವನೂ ತಟ್ಟಿದನು. ಕಂಬನು ಮಾತ್ರ ನಗುವನ್ನು ಹಾಗೆಯೇ ಹಿಡಿದುಕೊಂಡು ಒಮ್ಮೆ ಕಣ್ಣು ಮುಚ್ಚಿ ತೆರೆದನು.

ಪಟ್ಟಿನಮ್ಮ ಪುಸ್ತಕವನ್ನು ಅವನ ಕೈಗೇ ಮರಳಿ ಕೊಟ್ಟು ಇಳಿಯಲು ತಿರುಗಿದಳು. ಮೆಟ್ಟಿಲ ಬಳಿ ಮಗನು ಮೇಲೆ ಬಂದು ಕೈ ಚಾಚಿದನು. ಆಕೆ ಆ ಕೈಯನ್ನು ಹಿಡಿಯದೆ ಪಕ್ಕಕ್ಕೆ ಸರಿದು, ಗೋಡೆಯನ್ನು ಹಿಡಿದು, ಒಂದೊಂದೇ ಮೆಟ್ಟಿಲನ್ನು ಇಳಿದಳು.