ಸಾವಿನ ಮನೆಯಲ್ಲಿ ‘ಮತ್ತೆ ಬರ್ತೀವಿ’

ಗೆಳೆಯರೇ, ವಕೀಲರು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ನಮ್ಮ ಆಫೀಸಿಗೆ ಕಕ್ಷಿದಾರರನ್ನು ಹೆಚ್ಚಿಸಲು ಬಂದ ಸಲಹೆಗಾರರು ಹೊಸ ಪಾಠ ಕಲಿಸಿದ್ದಾರೆ: ಮುಂದಿನ ಭೇಟಿ ಗೊತ್ತುಮಾಡಿಕೊಳ್ಳದೆ ಯಾರ ಮನೆಯಿಂದಲೂ ಏಳಬಾರದು.

ಇವತ್ತು ಬೆಳಿಗ್ಗೆ ನಮ್ಮ ಸೀನಿಯರ್ ರಾಯರ ಜೊತೆ ಅಣ್ಣಾ ನಗರ್‌ಗೆ ಹೋಗಿದ್ದೆ. ಮಣಲಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದ ನಮ್ಮ ಹಳೆಯ ಕಕ್ಷಿದಾರರು ತೀರಿಕೊಂಡು ವಾರವೂ ಆಗಿಲ್ಲ. ಕಾರ್ಖಾನೆ ಈಗ ಮಗನ ಕೈಗೆ ಬಂದಿದೆ. ಅವನು ಬೇರೆ ವಕೀಲರನ್ನು ಹಿಡಿದರೆ ನಮ್ಮ ಅರ್ಧ ಕೆಲಸ ಹೋದಂತೆ. ರಾಯರು ಒಳ್ಳೆಯ ಮಾತನ್ನೇ ಆಡಿದರು, ನಿಜವಾಗಿಯೂ ಕಣ್ಣೊರೆಸಿಕೊಂಡರು. ಏಳುವಾಗ ಮಾತ್ರ ಆ ಪಾಠ ನೆನಪಾಯಿತು.

“ಬರೋ ಸೋಮವಾರ ಮತ್ತೆ ಬರ್ತೀವಮ್ಮ.”

ಮಗ ತಲೆ ತಗ್ಗಿಸಿದ. ದೀಪದ ಪಕ್ಕ ಕೂತಿದ್ದ ತಾಯಿ ಮೆಲ್ಲಗೆ ಹೇಳಿದರು: “ಸಾವಾದ ಮನೇಲಿ ಹೋಗ್ಬರ್ತೀನಿ ಅಂತಾನೂ ಯಾರೂ ಹೇಳಲ್ಲ ಸಾರ್. ನೀವು ಕೋರ್ಟಿನ ಹಾಗೆ ಮುಂದಿನ ವಾಯ್ದೆ ದಿನಾನೇ ಕೊಟ್ಬಿಟ್ರಲ್ಲ.”



ಸಂಜೆ ಮಗನ ಫೋನು ಬಂತು. ಅವರ ಫೈಲುಗಳನ್ನೆಲ್ಲ ಕೊರಿಯರಿನಲ್ಲಿ ಕಳಿಸಿದರೆ ಸಾಕಂತೆ, ಯಾರೂ ಬರಬೇಕಾಗಿಲ್ಲವಂತೆ.