ನೆಗೆಣ್ಣಿಯ ಎಮ್ಮೆ ಮತ್ತು ನನ್ನ ಇಂಗ್ಲಿಷ್ ಪಾಠ

ಹುಮನಾಬಾದಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಎಂಥೆಂಥವರನ್ನೋ ದಡ ಮುಟ್ಟಿಸಿದ್ದೇನೆ ಎಂಬ ಸೊಕ್ಕು ಇವತ್ತಿಗೂ ಇದೆ. ಆ ಸೊಕ್ಕನ್ನು ಒಮ್ಮೆ ಸರಿಯಾಗಿ ಇಳಿಸಿದ್ದು ಮಾಣಿಕನಗರದ ಒಂದು ಎಮ್ಮೆ.

ಮಾಣಿಕನಗರದಿಂದ ಬಂದು ನಮ್ಮ ಮನೆಗೆ ಹಾಲು ಹಾಕುವ ಹೆಣ್ಣುಮಗಳು ಹತ್ತನೇ ಇಯತ್ತೆಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದಳು. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ಅವಳ ಆಸೆ. "ಇದೊಂದ್ ಸಲ ನೋಡ್ತೇವು. ಆಗಲಿಲ್ಲಂದ್ರ ಪುಸ್ತಕ ಒಲಿಗಿ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದಳಂತೆ. ಹಾಲು ಅಳೆದು ಕೊಟ್ಟಾದ ಮೇಲೆ ದಿನವೂ ಒಂದು ತಾಸು ನಮ್ಮ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು.

ಆವತ್ತು ಬೆಳೆಯುವ, ಉಬ್ಬುವ, ಹೆಚ್ಚುವ ಕ್ರಿಯಾಪದಗಳ ಪಾಠ. ಕೂಸು ಬೆಳೆದರೆ ಗ್ರೋ, ಉಳುಕಿದ ಕಾಲು ಬಾತರೆ ಸ್ವೆಲ್, ದರ ಏರಿದರೆ ರೈಸ್, ಹಾಲು ಹೆಚ್ಚಾದರೆ ಇನ್‌ಕ್ರೀಸ್, ರಸ್ತೆ ಅಗಲವಾದರೆ ವೈಡನ್ ಎಂದು ಹೇಳಿಕೊಟ್ಟೆ.

"ಒಂದ ಮಾತಿಗಿ ಇಷ್ಟ್ ಶಬ್ದ ಯಾಕ್ರಿ ಮೇಡಂ? ಇವ್ರಿಗಿ ಬ್ಯಾರೆ ಕೆಲಸ ಇಲ್ಲೇನ್ರಿ?"

"ರೊಟ್ಟಿ ಉಬ್ಬಿತು ಅಂತೀವಿ, ಕಾಲು ಬಾತದ ಅಂತೀವಿ. ರೊಟ್ಟಿ ಬಾತದ ಅಂದ್ರ ಯಾರರ ಉಣ್ತಾರೇನು? ಅವರಿಗೂ ಹಂಗ."

ಅದು ಅವಳಿಗೆ ಒಪ್ಪಿಗೆಯಾಯಿತು. ಒಂದೊಂದು ಶಬ್ದಕ್ಕೂ ನಿನ್ನ ಮನೆಯದೇ ಒಂದು ವಾಕ್ಯ ಬರಿ ಎಂದೆ. ಪೆನ್ನು ಕಚ್ಚುತ್ತ ಕೂತಳೇ ಹೊರತು ಒಂದಕ್ಷರ ಬರೆಯಲಿಲ್ಲ.

"ನಮ್ಮ ಎಮ್ಮಿ ಹಾಲು ಹೆಚ್ಚಾಗ್ಯಾವ ಅಂತ ನಾನಾ ಕೈಯಾರೆ ಬರದ್ರ ನಜರ್ ಹತ್ತಂಗಿಲ್ಲೇನ್ರಿ?"

ಇಂಗ್ಲಿಷಿಗೆ ದೃಷ್ಟಿ, ನಜರ್ ಗಿಜರ್ ಏನೂ ಇಲ್ಲ, ನಾಳೆ ಬರೆದು ತರದಿದ್ದರೆ ಪಾಠವೂ ಇಲ್ಲ ಎಂದು ರೇಗಿದೆ.

ಮರುದಿನ ಪುಟ ತುಂಬ ಬರೆದು ತಂದಳು. ಅಕ್ಷರ ಮುತ್ತಿನಂತೆ. ತನ್ನ ಮನೆಯ ಬಗ್ಗೆ ಮಾತ್ರ ಒಂದೂ ಇಲ್ಲ. ಎಲ್ಲ ಅವಳ ಹಿರಿಯ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ ಮೇಲೆ. ಇಬ್ಬರದೂ ಒಂದೇ ಅಂಗಳ, ಎಮ್ಮೆ ಮಾತ್ರ ಬೇರೆ ಬೇರೆ. ನನ್ನ ನೆಗೆಣ್ಣಿಯ ಎಮ್ಮೆಯ ಹಾಲು ದಿನದಿನಕ್ಕೆ ಹೆಚ್ಚುತ್ತಿದೆ. ಅವಳ ಮಗಳು ಜಲ್ದಿ ಬೆಳೆಯುತ್ತಿದ್ದಾಳೆ. ಅವಳ ಸೊಂಟ ಅಗಲವಾಗುತ್ತಿದೆ. ಅತ್ತೆ ಮಾತಾಡಿದರೆ ಅವಳ ದನಿ ಏರುತ್ತದೆ. ಮುಂಜಾನೆ ಅವಳ ಮುಖ ಬಾತಿರುತ್ತದೆ. ಒಂದು ಕ್ರಿಯಾಪದವೂ ತಪ್ಪಿರಲಿಲ್ಲ!

ಉಬ್ಬಿಹೋದದ್ದು ನಾನು. ಪುಟದ ಫೋಟೊ ತೆಗೆದು, ನನ್ನ ವಿದ್ಯಾರ್ಥಿನಿ ಎಂದು ಬರೆದು, ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದೆ. ಪುಟದ ತಲೆಯ ಮೇಲೆ ಅವಳ ಹೆಸರೂ ಇತ್ತು. ಹಬ್ಬಕ್ಕೆ ಹೆಚ್ಚಿಗೆ ಹಾಲು ಬೇಕಾದಾಗ ನಾನು ಫೋನ್ ಮಾಡುವುದು ಆ ನೆಗೆಣ್ಣಿಗೇ, ನನ್ನ ನಂಬರು ಅವಳ ಫೋನಿನಲ್ಲಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಬುದ್ಧಿವಂತರಿಗೆ ಬುದ್ಧಿ ತಡವಾಗಿಯೇ ಬರುವುದು.

ಜಲ್ದಿ ಬೆಳೆಯುತ್ತಿದ್ದ ಆ ಮಗಳೇ ತಾಯಿಯ ಫೋನ್ ಹಿಡಿದು ಅಂಗಳದಲ್ಲಿ ನಿಂತು ವಾಕ್ಯಕ್ಕೊಂದು ಅರ್ಥ ಹೇಳಿದಳಂತೆ. ಮರುದಿನ ಮುಂಜಾನೆ ನೆಗೆಣ್ಣಿಯ ಎಮ್ಮೆ ಒಂದು ಹನಿ ಹಾಲು ಕೊಡಲಿಲ್ಲ.

ನನ್ನ ವಿದ್ಯಾರ್ಥಿನಿ ಹಾಲು ತಂದಳು, ಪುಸ್ತಕ ತರಲಿಲ್ಲ. ಅತ್ತು ಅತ್ತು ಕಣ್ಣು ಬಾತಿದ್ದವು. "ಅತ್ತಿ ಪರೀಕ್ಷಾಕ್ಕ ಕಳಸಂಗಿಲ್ಲ ಅನ್ಲಾಕತ್ಯಾಳ್ರಿ." ಬಸವಕಲ್ಯಾಣದಲ್ಲಿ ಪರೀಕ್ಷೆ, ಇನ್ನು ಎಂಟೇ ದಿನ. ತಪ್ಪು ನನ್ನದು, ಬೈಗುಳ ಅವಳಿಗೆ.

ಆಟೊ ಹಿಡಿದು ಮಾಣಿಕನಗರಕ್ಕೆ ಹೋದೆ. ದಾರಿಯುದ್ದಕ್ಕೂ ಮೂಢನಂಬಿಕೆಯ ಮೇಲೆ ಒಂದು ಭಾಷಣ ಸಜ್ಜು ಮಾಡಿಕೊಂಡಿದ್ದೆ. ಅತ್ತೆ ಬಾಗಿಲಲ್ಲೇ ಇದ್ದಳು.

"ಬರ್ರಿ ಟೀಚರಬಾಯಿ. ನಿಮ್ಮ ಇಂಗ್ಲಿಷು ನಮ್ಮ ಎಮ್ಮಿ ಕೆಚ್ಚಲಾ ಬತ್ತಿಸ್ತು ನೋಡ್ರಿ."

ನೆಗೆಣ್ಣಿ ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಎಮ್ಮೆ ನನ್ನನ್ನೇ ನೋಡಿತು. ಭಾಷಣ ಬದಿಗಿಟ್ಟೆ. "ಆಕೀದೇನೂ ತಪ್ಪಿಲ್ಲ. ಬರಿ ಅಂದಾಕಿ ನಾನು, ಊರಿಗೆಲ್ಲ ತೋರಿಸಿದಾಕಿ ನಾನು. ನಜರ್ ನಂದು" ಎಂದುಬಿಟ್ಟೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಿದ್ರ ಚಪ್ಪಲ್ ಬಿಟ್ಟು ಇಲ್ಲಿ ಕಾಲಿಡ್ರಿ" ಎಂದಳು.

ನನ್ನ ಪಾದದ ಕೆಳಗಿನ ಮಣ್ಣು, ಹಿಡಿ ಉಪ್ಪು, ಏಳು ಒಣಮೆಣಸಿನಕಾಯಿ, ಜೊತೆಗೆ ನಾನು ಮೆಚ್ಚಿದ್ದ ಆ ಪುಟ. ಎಲ್ಲ ಸೇರಿಸಿ ಎಮ್ಮೆಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂದರೆ ನಜರ್ ಇಲ್ಲ, ಬರದಿದ್ದರೆ ನಜರ್ ಇತ್ತು, ಈಗ ಇಳಿಯಿತು ಎಂದು ಲೆಕ್ಕ. ನನಗೋ ಮೂಗು ಉರಿದು ಕೆಮ್ಮು ಒತ್ತಿಕೊಂಡು ಬಂತು. ಕೆಮ್ಮಿದರೆ ತಪ್ಪು ಮತ್ತೆ ನನ್ನ ವಿದ್ಯಾರ್ಥಿನಿಯ ತಲೆಗೇ. ಸೆರಗು ಬಾಯಿಗೊತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕೆಮ್ಮು ನುಂಗಿದೆ. ವಿಜ್ಞಾನ ಮೇಳಗಳಲ್ಲಿ ಮುಂದೆ ನಿಂತು ಮಾತಾಡಿದವಳು ಆವತ್ತು ನನ್ನ ಕಣ್ಣು ಕೆಟ್ಟದ್ದೇ ಆಗಿರಲಪ್ಪಾ ಎಂದು ದೇವರಿಗೆ ಮೊರೆಯಿಟ್ಟೆ.

"ನೋಡ್ರಿ, ಘಾಟ ಇಲ್ಲ! ಎಂಥಾ ನಜರದಾ ಈ ಟೀಚರಬಾಯಿದು!" ಎಂದಳು ಅತ್ತೆ, ಬಹಳ ಗೌರವದಿಂದ.

ಸಂಜೆ ಎಮ್ಮೆ ಹಾಲು ಕೊಟ್ಟಿತು, ಅತ್ತೆಯೂ ಪರೀಕ್ಷೆಗೆ ಕಳಿಸಲು ಒಪ್ಪಿದಳು. ಹಿಂದಿನ ದಿನ ಸ್ಟೇಟಸ್ ನೋಡಿದ ಸಿಟ್ಟಿನಲ್ಲಿ ನೆಗೆಣ್ಣಿ ಅದಕ್ಕೆ ಹಿಂಡಿ ನೆನೆಹಾಕುವುದನ್ನೇ ಮರೆತಿದ್ದಳೆಂದು ಆಮೇಲೆ ತಿಳಿಯಿತು.

ಉಳಿದ ದಿನ ಯಾರದೂ ಅಲ್ಲದ ವಸ್ತುಗಳ ಮೇಲಷ್ಟೇ ಬರೆಸಿದೆ. ಮನ್ನಾಏಖೇಳ್ಳಿಯ ಹೈವೇ ಅಗಲವಾಯಿತು, ಕಲ್ಯಾಣದ ಕೋಟೆಯ ಮೇಲೆ ಹುಲ್ಲು ಬೆಳೆಯಿತು, ಬಸ್ ಸ್ಟ್ಯಾಂಡಿನಲ್ಲಿ ಗದ್ದಲ ಹೆಚ್ಚಿತು. ಅವಳ ಪೆನ್ನು ನಿಲ್ಲದೆ ಓಡಿತು. "ಸರ್ಕಾರಕ್ಕ ನಜರ್ ಹತ್ತಂಗಿಲ್ರಿ ಮೇಡಂ."

ಪರೀಕ್ಷೆ ಬರೆದಳು. ಮಾರ್ಕ್ಸ್ ಕಾರ್ಡ್ ಬಂದ ದಿನ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

"ಪಾಸಾದ್ಯೋ ಇಲ್ಲೋ?"

"ಏನೋ ಆಗೇದ್ರಿ."

"ಇಂಗ್ಲಿಷಿಗೆ ಎಷ್ಟು ಬಂದಾವ?"

"ಬಾಳ ಏನಿಲ್ರಿ."

ಕಸಿದುಕೊಂಡು ನೋಡಿದೆ. ಇಂಗ್ಲಿಷಿನ ಅಂಕ ಎಲ್ಲಕ್ಕಿಂತ ಹೆಚ್ಚು. ಅದರ ಪಕ್ಕದಲ್ಲೇ ಬೆರಳಗಲದ ಒಂದು ಕರೀ ಮಚ್ಚೆ. "ಸರ್ಕಾರಿ ಕಾಗದದ ಮೇಲೆ ಕಾಡಿಗೆ ಹಚ್ಚೀಯಲ್ಲ, ತಲೆ ನೆಟ್ಟಗದೇನು ನಿನ್ನದು?" ಎಂದು ಕೂಗಾಡಿದೆ.

"ಪ್ಲಾಸ್ಟಿಕ್ ಕವರ್ ಮ್ಯಾಲ ಅದ್ರಿ. ಒರಸಿದ್ರ ಹೋಗ್ತದ. ಖರೇ, ಒರಸಬ್ಯಾಡ್ರಿ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ನಾ ಹಚ್ಚಿಲ್ರಿ. ಅಕ್ಕ ಹಚ್ಚ್ಯಾಳ."

ಅಕ್ಕ ಎಂದರೆ ಆ ನೆಗೆಣ್ಣಿ. ನನಗೆ ಕಣ್ಣು ತುಂಬಿ ಬಂದವು. ಈ ಸಲ ಮೆಣಸಿನಕಾಯಿ ಇರಲಿಲ್ಲ. ರೂಢಿಬಲದಿಂದ ಕೈ ಫೋನಿಗೆ ಹೋಯಿತು. ಅವಳು ಗಾಬರಿಯಿಂದ ನೋಡಿದಳು. ಫೋನನ್ನು ಕೂತಿದ್ದ ಚಾಪೆಯ ಕೆಳಗೆ ತೂರಿಸಿ, ಮಚ್ಚೆ ಅಳಿಯದಂತೆ ಕಾರ್ಡನ್ನು ಅಂಚು ಹಿಡಿದು ಅವಳ ಕೈಗಿಟ್ಟೆ. ಆಮೇಲೆ ಓಣಿಗೆಲ್ಲ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದೆ:

"ಏನ್ ಮಹಾ ಬಂದಾವ ಬಿಡು!"