ಮುಚ್ಚಳದ ಮೇಲಿನ ಹೊತ್ತು

ಸ್ತಾನಿಯಾಳ ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳೊಂದೇ. ಮಿಕ್ಕ ನಾಲ್ಕನ್ನು ಲೆಸ್ಕೊವಾಟ್ಸ್ ಪಟ್ಟಣದ ಕಡೆಯ ನಮ್ಮ ಕಾರ್ಖಾನೆಯಲ್ಲಿ ಮೆಣಸಿನಕಾಯಿ ರುಬ್ಬುವ ಯಂತ್ರ ನುಂಗಿತು. ಸುಟ್ಟ ದಪ್ಪ ಕೆಂಪು ಮೆಣಸಿನಕಾಯಿಯ ಸಿಪ್ಪೆಯನ್ನು ಒಂದೇ ಎಳೆತಕ್ಕೆ, ಹರಿಯದಂತೆ ಸುಲಿಯುತ್ತಿದ್ದ ಬೆರಳುಗಳು ಅವು. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ನಿಂತಿದ್ದರೂ ನನಗೆ ಆ ಕೈಚಳಕ ಬರಲಿಲ್ಲ. ಬೈದುಕೊಂಡೇ ದುಡಿಯುವ ಹೆಂಗಸು, ಆದರೆ ಒಂದು ದಿನವೂ ತಡವಾಗಿ ಬಂದವಳಲ್ಲ.

ಮಾಲೀಕ ರಾದಿವೋಯೆ ಅವಳಿಗೆ ಕುಮ್. ಅವಳ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು. ನಮ್ಮಲ್ಲಿ ಒಡಹುಟ್ಟಿದವನ ಮಾತನ್ನಾದರೂ ಮೀರಬಹುದು, ಕುಮ್ ಮಾತನ್ನು ಮೀರುವಂತಿಲ್ಲ. ಕೆಲಸ ನಿಧಾನವಾಗುತ್ತದೆಂದು ಯಂತ್ರದ ಬಾಯಿಗಿದ್ದ ಜಾಲರಿಯನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ್ದವನೂ ಈ ಮಹಾನುಭಾವನೇ. ಥೂ, ನಾವಾದರೂ ಮಾಡಿದ್ದೇನು? ಅದರ ಮೇಲೆ ನಮ್ಮ ಏಪ್ರನ್ ಒಣಹಾಕುತ್ತಿದ್ದೆವು.

ಅವತ್ತು ಮಾತೆ ಮರಿಯಾಳ ಹುಟ್ಟುಹಬ್ಬ. ಯಾರೂ ಕೆಲಸ ಮಾಡಬಾರದ ದಿನ. ರಾದಿವೋಯೆ ಬೆಳಿಗ್ಗೆ ಚರ್ಚಿನಲ್ಲಿ ಎಲ್ಲರಿಗೂ ಕಾಣುವಂತೆ ದಪ್ಪ ಮೇಣದಬತ್ತಿ ಹಚ್ಚಿದ, ಕಾರ್ಖಾನೆಯ ಗೇಟಿಗೆ ಬೀಗ ಹಾಕಿಸಿದ, ನಮ್ಮನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆಸಿಕೊಂಡ. ಹನ್ನೊಂದೂ ಮುಕ್ಕಾಲಿಗೆ ಕಾಯಿ ಸಿಕ್ಕಿಕೊಂಡಿತು. ಸ್ತಾನಿಯಾ ಎಂದಿನಂತೆ ಕೈಯಿಂದಲೇ ಒತ್ತಿದಳು.

ರಾದಿವೋಯೆ ತನ್ನ ಕಾರಿನಲ್ಲೇ ಅವಳನ್ನು ಆಸ್ಪತ್ರೆಗೆ ಒಯ್ದ. ದಾರಿಯಲ್ಲೇ ಕಥೆ ಕಟ್ಟಿದ್ದ: ಹಬ್ಬಕ್ಕೆ ಕಾರ್ಖಾನೆ ಮುಚ್ಚಿತ್ತು, ಇವಳು ಮನೆಯಲ್ಲಿ ಸೌದೆ ಕೊಯ್ಯುವಾಗ ಗರಗಸ ತಾಗಿತು.

ಮೂರನೇ ದಿನ, ನಾನು ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ, ಆಸ್ಪತ್ರೆಗೆ ನೋಡಲು ಬಂದ. ರೋಗಿಯ ಬಳಿಗೆ ಬರಿಗೈಯಲ್ಲಿ ಹೋಗಬಾರದಲ್ಲ, ಕಾಫಿಪುಡಿ, ಸಕ್ಕರೆ, ಜೊತೆಗೆ ಗೋದಾಮಿನಲ್ಲಿ ಕೈಗೆ ಸಿಕ್ಕ ಒಂದು ಪೆಟ್ಟಿಗೆ ಐವಾರ್, ಅಂದರೆ ನಮ್ಮದೇ ಮೆಣಸಿನಕಾಯಿ ಚಟ್ನಿ. ಮೂರು ಸಲ ಮುತ್ತಿಟ್ಟು ಅತ್ತೂ ಅತ್ತ.

"ನೀನು ಒಂದು ಮಾತು ಆಡಿದ್ರೆ ನಲವತ್ತು ಮನೆ ಒಲೆ ಆರುತ್ತೆ ಕಣಮ್ಮಾ," ಅಂದ. "ಗರಗಸ ಅಂತ ಹೇಳಿ ಸೈನ್ ಹಾಕ್ಬಿಡು. ನಾನಿಲ್ವಾ?"

ಮನೆಯಲ್ಲಾದ ಗಾಯವೆಂದು ಬರೆದುಕೊಟ್ಟರೆ ಅವಳಿಗೆ ಪಿಂಚಣಿಯಿಲ್ಲ, ಕೃತಕ ಕೈಯಿಲ್ಲ, ಮುಂದಕ್ಕೆ ಕೆಲಸವೂ ಇಲ್ಲ. ಆದರೂ ಸ್ತಾನಿಯಾ ತಲೆಯಾಡಿಸಿದಳು. ಕುಮ್ ಕೇಳಿದ್ದಾನಲ್ಲ!

ಅವನು ಹೋದ ಮೇಲೆ ಬ್ರೆಡ್ಡಿಗೆ ಒಂಚೂರು ಐವಾರ್ ಸವರಿಕೊಡೆಂದಳು. ಜಾಡಿ ತೆಗೆದುಕೊಂಡೆ. ತುಂಬಿದ ತಾರೀಖನ್ನೂ ಹೊತ್ತನ್ನೂ ನಮ್ಮ ಯಂತ್ರ ಪ್ರತಿ ಮುಚ್ಚಳದ ಮೇಲೂ ಒತ್ತುತ್ತದೆ. ಹಬ್ಬದ ದಿನದ ತಾರೀಖು. ಹನ್ನೆರಡೂ ಇಪ್ಪತ್ತು. ನನ್ನ ಮುಖ ನೋಡಿ ಅವಳು ಜಾಡಿಯನ್ನು ಕಿತ್ತುಕೊಂಡು ತಾನೇ ಓದಿದಳು.

"ರೂಜಾ, ನನ್ನ ರಕ್ತ ಒಣಗೋಕ್ಕೆ ಮುಂಚೆನೇ ಮತ್ತೆ ಶುರು ಮಾಡಿದ್ರಾ?"

"ರಾದಿವೋಯೆನೇ ಫೋನ್ ಮಾಡಿದ, ಪೈಪಿಂದ ನೀರು ಹೊಡೆದು ಶುರು ಮಾಡಿ ಅಂದ," ಎಂದೆ. "ಯಂತ್ರದ ಒಳಗಿದ್ದ ಕಾಯಿ ಕೂಡ ಚೆಲ್ಲಲಿಲ್ಲ."

ಸ್ತಾನಿಯಾ ಬ್ರೆಡ್ಡನ್ನು ದೂರ ತಳ್ಳಿದಳು. ಜಾಡಿಯನ್ನು ದಿಂಬಿನ ಹಿಂದೆ ಇಟ್ಟು ನನಗೆ ಬೆನ್ನು ಹಾಕಿ ಮಲಗಿದಳು.

ಮರುದಿನ ಆಸ್ಪತ್ರೆಯವರ ವರದಿ ಹಿಡಿದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದರು, ಹಿಂದೆಯೇ ರಾದಿವೋಯೆ. ಗಾಯ ಎಲ್ಲಾಯಿತೆಂದು ಅವರು ಕೇಳಿದರು. ಗರಗಸದ ಕಥೆಯನ್ನು ಅವನೇ ಶುರು ಮಾಡಿದ. ಸ್ತಾನಿಯಾ ದಿಂಬಿನ ಹಿಂದಿನಿಂದ ಜಾಡಿ ತೆಗೆದು ಎಡಗೈಯಿಂದ ಅವನ ಮುಂದೆ ಇಟ್ಟಳು.

"ನೀನೇ ತಂದಿದ್ದು. ಯಾವ ದಿನ, ಎಷ್ಟು ಹೊತ್ತಿಗೆ ತುಂಬಿದ್ದು ಅಂತ ಅಮ್ಮಾವ್ರಿಗೆ ಓದಿ ಹೇಳು. ಇನ್ಮೇಲೆ ನೀನು ನನಗೆ ಕುಮ್ ಅಲ್ಲ."

ರಾದಿವೋಯೆ ಜೇಬಿನಲ್ಲಿ ಕನ್ನಡಕ ಹುಡುಕಿದ. ಅದು ಅವನ ಮೂಗಿನ ಮೇಲೆಯೇ ಇತ್ತು.

ಇನ್ಸ್‌ಪೆಕ್ಟರಮ್ಮ ತಾವೇ ಓದಿಕೊಂಡರು. ಬೀಗ ಹಾಕಿದ ಕಾರ್ಖಾನೆಯಲ್ಲಿ ಇದನ್ನು ತುಂಬಿದವರು ಯಾರೆಂದು ಕೇಳಿದರು. ಸ್ತಾನಿಯಾ ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಎದ್ದು ನಿಂತು, ಆ ಮುಚ್ಚಳ ಹಾಕಿದವಳು ನಾನೇ ಎಂದೆ.